ಹಳೇಬೀಡಿನ ಗೈಡ್: ಒಂದು ಚಕ್ರವ್ಯೂಹಕ್ಕೇ ಅರ್ಧ ಗಂಟೆ

ಹಳೇಬೀಡು ಹಾಸನದವರಿಗೆ ಮನೆ ಹಿತ್ತಲಿದ್ದಂಗೆ. ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ. ಗೈಡ್ ಮಾಡಿಕೊಂಡಿದ್ದು ಮಾತ್ರ ಮೊನ್ನೆ ಭಾನುವಾರವೇ ಮೊದಲು, ಅದೂ ಮಗಳ ಹಟಕ್ಕೆ. ಅರವತ್ತು ದಾಟಿದ ಹಿರಿಯರು ಸಿಕ್ಕರು. ಐನೂರು ಕೇಳಿದರು, ಕೊಟ್ಟೆ.

ಹೊಯ್ಸಳೇಶ್ವರ ದೇವಸ್ಥಾನದ ಚರಿತ್ರೆ, ಅಂದರೆ ವಿಷ್ಣುವರ್ಧನನ ಕಾಲ, 1121, ಕಟ್ಟಿಸಿದ ಅಧಿಕಾರಿ ಕೇತಮಲ್ಲ, ಇವೆಲ್ಲ ಐದೇ ನಿಮಿಷ. ಆಮೇಲೆ ನೇರ ಕರ್ಕೊಂಡು ಹೋಗಿ ಚಕ್ರವ್ಯೂಹದ ಕೆತ್ತನೆ ಮುಂದೆ ನಿಲ್ಲಿಸಿದರು. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೀನಿ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಬಳಪದ ಕಲ್ಲಲ್ಲಿ ಸುತ್ತಿನೊಳಗೆ ಸುತ್ತು.

"ಪುಟ್ಟಿ, ಕಲ್ಲು ಮುಟ್ಟಬೇಡ, ಗಾಳೀಲೇ ಬೆರಳಾಡಿಸು" ಅಂದವರು ಜೇಬಿನಿಂದ ಒಂದು ಚಿತ್ರ ತೆಗೆದರು. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ನಾಸಸ್ ಅಂತ ಊರು, ಅಲ್ಲಿನ ಹಳೇ ನಾಣ್ಯ. ಅದರ ಮೇಲೂ ಇದೇ ಬಳಗದ ಸುತ್ತು! ಗ್ರೀಕ್ ಪುರಾಣದಲ್ಲಿ ಅದು ಗೂಳಿ ತಲೆಯ ಮಿನೋಟಾರನನ್ನು ಕೂಡಿಹಾಕಿದ್ದ ಜಾಗ, ವೀರ ಥೀಸಿಯಸ್ ಅವನನ್ನು ಕೊಂದು ರಾಜಕುಮಾರಿ ಅರಿಯಾಡ್ನೆ ಕೊಟ್ಟ ದಾರ ಹಿಡಿದು ಹೊರಗೆ ಬಂದ ಕಥೆ. ಗ್ರೀಸಿನದೇ ಇನ್ನೊಂದು ಊರು ಪೈಲೋಸಿನ ಅರಮನೆಗೆ ಬೆಂಕಿ ಬಿದ್ದಾಗ ಬೆಂದು ಉಳಿದ ಮಣ್ಣಿನ ಹಲಗೆಯ ಬೆನ್ನಿಗೂ ಇಂಥದೇ ಗೀಚು ಇದೆಯಂತೆ, ಕ್ರಿ.ಪೂ. 1200ರ ಸುಮಾರಿನದು.

ಮಗಳು ನಾಣ್ಯದ ಚಿತ್ರದ ಮೇಲೆ ಪೆನ್ಸಿಲ್ ಓಡಿಸಿ ತಲೆಯೆತ್ತಿದಳು. "ತಾತ, ಕವಲೇ ಇಲ್ಲ. ಒಂದೇ ದಾರಿ. ದಾರಿ ತಪ್ಪೋದೇ ಇಲ್ಲ ಅಂದಮೇಲೆ ದಾರ ಯಾಕೆ?"

"ನಾನೂ ಅದಕ್ಕೇ ಒದ್ದಾಡ್ತಿದ್ದೀನಿ ಕಣವ್ವ" ಅಂದರು. ಸುಳ್ಳು ಉತ್ತರ ಕಟ್ಟಲಿಲ್ಲ. ನನಗೆ ಅವರ ಮೇಲೆ ಗೌರವ ಬಂದಿದ್ದೇ ಆಗ.

ಅಭಿಮನ್ಯು ತಾಯಿ ಹೊಟ್ಟೇಲಿ ಅರ್ಧ ಕೇಳಿಸಿಕೊಂಡ ಕಥೆ ಹೇಳಿದಾಗ ನಾನು ಬಾಯಿ ಹಾಕಿದೆ: ದ್ರೋಣಪರ್ವದಲ್ಲಿ ಅವನೇ ಧರ್ಮರಾಯನಿಗೆ, ಒಳಗೆ ನುಗ್ಗೋದನ್ನ ಅಪ್ಪ ಹೇಳಿಕೊಟ್ಟಿದ್ದಾನೆ, ಹೊರಗೆ ಬರೋದು ಗೊತ್ತಿಲ್ಲ ಅಂತಾನೆ. ಬೆನ್ನಿಗೆ ಬರಬೇಕಿದ್ದ ಪಾಂಡವರನ್ನು ಜಯದ್ರಥ ತಡೆದ. ಅಭಿಮನ್ಯು ಸತ್ತಿದ್ದು ದಾರಿ ಮರೆತಲ್ಲ, ಒಂಟಿಯಾಗಿ. ಗೈಡ್ ಬೇಜಾರು ಮಾಡಿಕೊಳ್ಳದೆ ಪುಟ್ಟ ನೋಟ್‌ಬುಕ್ಕಲ್ಲಿ ಬರೆದುಕೊಂಡರು.

ಕೊರತೆ ಅಂದರೆ ಜೋಡಿ ಗುಡಿ ಶಾಂತಲೇಶ್ವರ, ನಂದಿ ಮಂಟಪ ಎರಡೂ ಹತ್ತು ನಿಮಿಷದಲ್ಲಿ ಮುಗಿದವು. ಮೊದಲ ಸಲ ಬರೋರು ಎಲ್ಲಾ ನಿಧಾನಕ್ಕೆ ತೋರಿಸಿ ಅಂತ ಮುಂಚೆಯೇ ಹೇಳಿ. ಮಧ್ಯಾಹ್ನ ಬೇಡ, ಬರಿಗಾಲಿಗೆ ಕಲ್ಲು ಸುಡುತ್ತೆ.

ವಾಪಸ್ ಬರೋವಾಗ ಬಸ್ಸಲ್ಲಿ ಮಗಳು ಅವರು ಕಲಿಸಿದ ಹಾಗೇ ಒಂದು ಕೂಡು ಗುರುತು, ನಾಲ್ಕು ಮೂಲೆ, ನಾಲ್ಕು ಚುಕ್ಕಿ ಇಟ್ಟು ಕಮಾನು ಸೇರಿಸುತ್ತಾ ಕೂತಿದ್ದಳು. ಹಾಸನ ಬರುವಷ್ಟರಲ್ಲಿ ಏಳು ಸುತ್ತೂ ಮುಗಿದಿತ್ತು.