ತೋಟದ ದಾರಿಗೆ ಯಾವುದು? ಯೆಜ್ಡಿ ರೋಡ್‌ಕಿಂಗ್ ಮತ್ತು ಆರ್‌ಎಕ್ಸ್ 100, ಎರಡನ್ನೂ ಓಡಿಸಿ ನೋಡಿದ್ದು

ಮೂಡಿಗೆರೆ ಕಡೆ ತೋಟದ ರಸ್ತೆಗೆ ಟು-ಸ್ಟ್ರೋಕ್ (ಪೆಟ್ರೋಲ್ ಜೊತೆ ಆಯಿಲನ್ನೂ ಉರಿಸುವ ಹಳೆಯ ಬಗೆಯ ಎಂಜಿನ್ನಿನ) ಬೈಕ್ ಬೇಕು ಅಂದರೆ ಮೊದಲು ಎರಡು ಹೆಸರು ಬಾಯಿಗೆ ಬರುತ್ತವೆ. ಒಂದು ಯೆಜ್ಡಿ ರೋಡ್‌ಕಿಂಗ್, ಇನ್ನೊಂದು ಯಮಾಹಾ ಆರ್‌ಎಕ್ಸ್ 100. ನಮ್ಮ ಮನೆಯಲ್ಲಿ ಎರಡೂ ಇವೆ. ಯೆಜ್ಡಿ ದೊಡ್ಡಪ್ಪನದು. ಆರ್‌ಎಕ್ಸ್ ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮಳೆಗಾಲ, ಬೇಸಿಗೆ ಅನ್ನದೆ ಎರಡನ್ನೂ ಒಂದೇ ದಾರಿಗಳಲ್ಲಿ ಓಡಿಸಿದ್ದೇನೆ. ಬಿಚ್ಚಿ ಜೋಡಿಸಿಯೂ ಇದ್ದೇನೆ. ಇವೆರಡೂ ಎಂಡ್ಯೂರೋ, ಅಂದರೆ ಕಾಡುದಾರಿಯ ದೂರದ ಓಟದ ಸ್ಪರ್ಧೆಗೆಂದು ಹುಟ್ಟಿದ ಬೈಕುಗಳಲ್ಲ. ಆದರೆ ಅಂಥ ಕೆಲಸವನ್ನು ನಮ್ಮೂರಲ್ಲಿ ಇವೇ ಮಾಡಿಕೊಂಡು ಬಂದಿವೆ.

ಹೋಲಿಸಲು ನಾನು ಇಟ್ಟುಕೊಂಡ ಅಳತೆಗೋಲು ಎಂಡ್ಯೂರೋದ್ದೇ. ಸಿಕ್ಸ್ ಡೇಸ್ ಅನ್ನುವ ಹಳೆಯ ಅಂತಾರಾಷ್ಟ್ರೀಯ ಸ್ಪರ್ಧೆ ಇದೆ ಅಲ್ವಾ, ಅದರಲ್ಲಿ ಆರು ದಿನ ಕಾಡುಮೇಡು ಓಡಿಸಬೇಕು, ದಾರಿಯಲ್ಲಿ ಬೈಕ್ ಕೆಟ್ಟರೆ ಸವಾರನೇ ಸರಿ ಮಾಡಿಕೊಳ್ಳಬೇಕು. 1970ರ ದಶಕದಲ್ಲಿ ಚೆಕೊಸ್ಲೊವಾಕಿಯಾ ತಂಡ ತನ್ನ ದೇಶದ ಜಾವಾ ಕಂಪನಿಯ ಟು-ಸ್ಟ್ರೋಕ್‌ಗಳನ್ನು ಏರಿ ಅದನ್ನು ಹಲವು ಸಲ ಗೆದ್ದಿತು. ಹಾಗಾಗಿ ನಾನು ಕೇಳುವ ಪ್ರಶ್ನೆ ಎರಡೇ. ದಾರಿ ದಾಟಿಸುತ್ತದಾ? ಕೆಟ್ಟು ನಿಂತರೆ ಅಲ್ಲೇ, ಕೈಲಿರುವ ಸಾಮಾನಿನಲ್ಲೇ ರಿಪೇರಿ ಆಗುತ್ತದಾ? ಟಾಪ್ ಸ್ಪೀಡಿನ ಮಾತು ಇಲ್ಲಿ ಬೇಡ.

ಆ ಜಾವಾ ಮನೆತನದ್ದೇ ನಮ್ಮ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು. 1973ರಿಂದ ಯೆಜ್ಡಿ ಹೆಸರು ಬಂತು. 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ಬಂದದ್ದು 1985ರ ಕೊನೆಯಲ್ಲಿ, ನಿಂತದ್ದು ಅದೇ 1996ರಲ್ಲಿ. ಈಗ ಮತ್ತೆ ಬಂದಿರುವ ಜಾವಾ, ಯೆಜ್ಡಿಗಳು ಫೋರ್-ಸ್ಟ್ರೋಕ್. ಅವುಗಳ ಕಥೆ ಬೇರೆ.

ಮೊದಲು ಏರಿನ ವಿಷಯ. ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ.

ಯೆಜ್ಡಿಯ ಎಂಜಿನ್ ಸುಮಾರು 250 ಸಿಸಿ. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಂದರೆ ಪಿಸ್ಟನ್ ಓಡಾಡುವ ದೂರ ಅದರ ಅಗಲಕ್ಕಿಂತ ಜಾಸ್ತಿ. ಒಳಗಿನ ತಿರುಗುವ ಭಾಗಗಳೂ ಭಾರ. ಅದಕ್ಕೇ ಆಕ್ಸಿಲರೇಟರ್ ತುಸುವೇ ಕೊಟ್ಟರೂ ಎಂಜಿನ್ ಆರುವುದಿಲ್ಲ. ಜೂನ್ ಕಳೆದ ಮೇಲೆ ನಮ್ಮ ಜೀಪು ರಸ್ತೆಗಳ ಕೆಂಪುಮಣ್ಣು ಸಾಬೂನಿನ ಹಾಗೆ ಜಾರುತ್ತದೆ. ಅಲ್ಲಿ ಒಂದನೇ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಸೀಟಿನ ಮುಂಭಾಗಕ್ಕೆ ಸರಿದು ಕೂತರೆ ಸಾಕು. ಹಿಂದಿನ ಚಕ್ರ ತಿರುಗಾಡದೆ ಮಣ್ಣು ಹಿಡಿದುಕೊಂಡು ಹತ್ತುತ್ತದೆ. ಅವಸರವೇ ಇಲ್ಲ.

ಆರ್‌ಎಕ್ಸ್ ಅಲ್ಲಿ ಬೇರೆಯೇ ಬೈಕು. 98 ಸಿಸಿ, ಬೋರೂ 50, ಸ್ಟ್ರೋಕೂ 50. 11 ಕುದುರೆಶಕ್ತಿ ಸಿಗುವುದು 7500 ಆರ್‌ಪಿಎಂನಲ್ಲಿ. ಈ ಗಾತ್ರಕ್ಕೆ ಅದು ದೊಡ್ಡ ಶಕ್ತಿಯೇ, ಆದರೆ ಇರುವುದು ಮೇಲೆ. ಕೆಳಗಿನ ವೇಗದಲ್ಲಿ ಎಂಜಿನ್ ಸ್ವಲ್ಪ ಮಂಕು. ಒಳಗೆ ಬಂದ ಗಾಳಿ-ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವ ರೀಡ್ ವಾಲ್ವ್ ಇರುವುದರಿಂದ ಪರವಾಗಿಲ್ಲ ಅನ್ನುವಷ್ಟು ಎಳೆಯುತ್ತದೆ. ಆಮೇಲೆ ಒಮ್ಮೆಗೇ ಪಿಕಪ್ ಬರುತ್ತದೆ. ಒಣ ರಸ್ತೆಯಲ್ಲಿ ಆ ಕ್ಷಣ ಬಲು ಖುಷಿ. ಜಾರುವ ಏರಿನಲ್ಲಿ ಅದೇ ಕ್ಷಣಕ್ಕೆ ಹಿಂದಿನ ಚಕ್ರ ಸುಮ್ನೆ ತಿರುಗಿ, ಬೈಕ್ ಅಡ್ಡ ನಿಲ್ಲುತ್ತದೆ. ಇದಕ್ಕೆ ಉಪಾಯ ಕ್ಲಚ್. ಎಂಜಿನ್ನನ್ನು ಹಾಡಿಸುತ್ತಾ, ಎರಡು ಬೆರಳಲ್ಲಿ ಕ್ಲಚ್ ಹಿಡಿದು ಬಿಟ್ಟು ಮಾಡುತ್ತಾ ಹತ್ತಬೇಕು. ಹಿಂದಿನ ಸ್ಪ್ರಾಕೆಟ್‌ನಲ್ಲಿ ಎರಡು ಹಲ್ಲು ಜಾಸ್ತಿ ಇರುವುದನ್ನು ಹಾಕಿಸಿದ ಮೇಲೆ ನನಗೆ ತುಂಬಾ ಸುಲಭವಾಯಿತು. ಡಾಂಬರು ರಸ್ತೆಯಲ್ಲಿ ಸ್ಪೀಡ್ ಸ್ವಲ್ಪ ಕಮ್ಮಿ ಆಗುತ್ತದೆ, ಆಗಲಿ.

ಏರಿನ ಮಟ್ಟಿಗೆ ಯೆಜ್ಡಿಯೇ ಮೇಲು. ಇದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ತೋಟದ ದಾರಿ ಅಂದರೆ ಬರೀ ಏರಲ್ಲ. ಕಾಫಿ ಗಿಡಗಳ ನಡುವಿನ ಕಾಲುದಾರಿ, ಬೇಲಿಯ ಉಣಗೋಲು, ಅಡ್ಡ ಬಿದ್ದ ಸಿಲ್ವರ್ ಓಕ್ ಮರ, ಸಂಕ ಇಲ್ಲದ ಹಳ್ಳ. ಅಲ್ಲಿ ಲೆಕ್ಕಕ್ಕೆ ಬರುವುದು ತೂಕ. ಆರ್‌ಎಕ್ಸ್ 103 ಕೆ.ಜಿ. ಯೆಜ್ಡಿ ಸುಮಾರು 140. ಆ ವ್ಯತ್ಯಾಸ ಓಡಿಸುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ಬಿದ್ದ ಬೈಕನ್ನು ಎತ್ತುವಾಗ ಗೊತ್ತಾಗುತ್ತದೆ. ಚರಂಡಿಯಲ್ಲಿ ಮಗುಚಿದ ಆರ್‌ಎಕ್ಸನ್ನು ಒಬ್ಬನೇ ಎತ್ತಬಹುದು. ಯೆಜ್ಡಿ ಆದರೆ ತೋಟದಾಳುಗಳು ಯಾರಾದರೂ ಹತ್ತಿರದಲ್ಲಿದ್ದಾರಾ ಅಂತ ಕೂಗಿ ಕೇಳಬೇಕು. ಅದರ ಎರಡು ಸೈಲೆನ್ಸರ್‌ಗಳೂ ಎರಡು ಬದಿಯಲ್ಲಿ ತಗ್ಗಾಗಿ ಚಾಚಿಕೊಂಡಿವೆ. ಜೀಪಿನ ಗಾಲಿ ಕೊರೆದ ಜಾಡಿನೊಳಗೆ ಇಳಿದರೆ ಯಾವುದಾದರೂ ಒಂದು ಬದಿ ಕಲ್ಲಿಗೆ ತಾಗುವುದು ಖಂಡಿತ.

ಯೆಜ್ಡಿಯ ಇನ್ನೊಂದು ವಿಶೇಷ ಹೇಳಲೇಬೇಕು. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್, ಮಡಚಿದರೆ ಗೇರು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಊರೊಳಗೆ ಇದು ಸುಖ. ಕಲ್ಲುದಾರಿಯಲ್ಲಿ ಎಡಗಾಲು ಲಿವರ್ ಮೇಲೆಯೇ ಕೂತಿದ್ದರೆ ಮಾತ್ರ ಏರಿನ ಮಧ್ಯೆ ಕ್ಲಚ್ ಜಾರುತ್ತದೆ. ಅಲ್ಲಿ ಕಾಲನ್ನು ಹಿಂದೆ ಎಳೆದಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು. ಆರ್‌ಎಕ್ಸ್‌ನಲ್ಲಿ ಗೇರಿನಲ್ಲಿದ್ದರೂ ಕ್ಲಚ್ ಹಿಡಿದು ಕಿಕ್ ಹೊಡೆಯಬಹುದು. ಏರಿನ ನಡುವೆ ಆಫ್ ಆದಾಗ ನ್ಯೂಟ್ರಲ್ ಹುಡುಕುತ್ತಾ ಹಿಂದಕ್ಕೆ ಜಾರುವ ಕಷ್ಟ ಇಲ್ಲ.

ಹಳ್ಳ ದಾಟುವಾಗ ಎರಡರ ಡ್ರಮ್ ಬ್ರೇಕೂ ನೀರು ಕುಡಿದು ಸತ್ತ ಹಾಗೆ ಆಗುತ್ತವೆ. ಆಚೆ ದಡ ಹತ್ತಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಬೇಕು. ಎಂಜಿನ್ ಒಳಗೇ ನೀರು ಹೋದರೆ ಟು-ಸ್ಟ್ರೋಕ್‌ನಲ್ಲಿ ಅದು ಕ್ರ್ಯಾಂಕ್ ಕೇಸಿನಲ್ಲಿ, ಅಂದರೆ ಎಂಜಿನ್ನಿನ ಕೆಳಗಿನ ಡಬ್ಬಿಯಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ, ಬೈಕನ್ನು ತಲೆಕೆಳಗು ಮಾಡಿ, ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದರೆ ನೀರು ಪ್ಲಗ್ ತೂತಿನಿಂದ ಹೊರಗೆ ಬರುತ್ತದೆ. ಆರ್‌ಎಕ್ಸನ್ನು ಇಬ್ಬರು ಸೇರಿ ಹೀಗೆ ಮಗುಚಬಹುದು. ಯೆಜ್ಡಿಗೆ ಈ ವಿದ್ಯೆ ನಡೆಯುವುದಿಲ್ಲ. ನೀರು ಆಳ ಇದ್ದರೆ ಅದನ್ನು ಆಫ್ ಮಾಡಿ ತಳ್ಳಿಕೊಂಡು ದಾಟುವುದೇ ವಾಸಿ.

ಇನ್ನು ಆಯಿಲ್. ಟು-ಸ್ಟ್ರೋಕ್ ಇಟ್ಟುಕೊಂಡವರು ಗಂಟೆಗಟ್ಟಲೆ ಜಗಳ ಆಡುವ ವಿಷಯ ಇದು. ಯೆಜ್ಡಿಗೆ ಪೆಟ್ರೋಲ್‌ನಲ್ಲೇ ಟು-ಟಿ (ಟು-ಸ್ಟ್ರೋಕ್‌ಗೆಂದೇ ಮಾಡಿದ) ಆಯಿಲ್ ಬೆರೆಸಿ ಹಾಕಬೇಕು. ನಾನು ಲೀಟರಿಗೆ 40 ಎಂ.ಎಲ್. ಹಾಕುತ್ತೇನೆ, ಅಂದರೆ ಇಪ್ಪತ್ತೈದಕ್ಕೆ ಒಂದು. ಆರ್‌ಎಕ್ಸ್‌ಗೆ ಬೇರೆ ಆಯಿಲ್ ಟ್ಯಾಂಕ್ ಇದೆ, ಪಂಪ್ ಇದೆ. ಎಂಜಿನ್ ಎಷ್ಟು ಜೋರು ತಿರುಗುತ್ತಿದೆ, ಆಕ್ಸಿಲರೇಟರ್ ಎಷ್ಟು ತೆರೆದಿದೆ ಅನ್ನುವುದನ್ನು ನೋಡಿ ಅದೇ ಆಯಿಲ್ ಕೊಡುತ್ತದೆ. ಆದರೂ ಬಹಳ ಮೆಕ್ಯಾನಿಕ್‌ಗಳು ಮೊದಲು ಹೇಳುವ ಮಾತು, 'ಪಂಪ್ ತೆಗೆಸಿಬಿಡಿ ಸಾರ್, ಮಿಕ್ಸ್ ಹಾಕಿ ನಿಶ್ಚಿಂತೆಯಾಗಿ ಇರಿ.' ಪಂಪ್ ಹಾಳಾದರೆ ಎಂಜಿನ್ ಹೋಗುತ್ತದೆ ಅನ್ನುವ ಭಯ ಅದು. ಭಯದಲ್ಲಿ ಅರ್ಥ ಇದೆ. ಆದರೂ ನಾನು ಪಂಪ್ ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಕಾರಣ ಚಾರ್ಮಾಡಿ ಘಾಟಿ.

ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿಕೊಂಡೇ ತುಂಬಾ ಹೊತ್ತು ಹೋಗುತ್ತೇವೆ. ಮಿಕ್ಸ್ ಹಾಕಿದ ಎಂಜಿನ್‌ಗೆ ಆಗ ಪೆಟ್ರೋಲ್ ಹೋಗುವುದು ತೀರಾ ಕಮ್ಮಿ. ಪೆಟ್ರೋಲ್ ಇಲ್ಲ ಅಂದರೆ ಆಯಿಲೂ ಇಲ್ಲ. ಪಿಸ್ಟನ್ ಮಾತ್ರ ಗೇರಿನ ಎಳೆತಕ್ಕೆ ಸಿಕ್ಕಿ ಓಡಾಡುತ್ತಲೇ ಇರುತ್ತದೆ. ಹೀಗೆಯೇ ಎಂಜಿನ್ ಸೀಜ್ ಆಗುವುದು, ಅಂದರೆ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಯೆಜ್ಡಿಯಲ್ಲಿ ಇಳಿಯುವಾಗ ಪ್ರತಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಎರಡು ಸಲ ಆಕ್ಸಿಲರೇಟರ್ ಕೊಡುತ್ತೇನೆ, ಒಳಗೆ ಒಂದಿಷ್ಟು ಆಯಿಲ್ ಹೋಗಲಿ ಅಂತ. ಆರ್‌ಎಕ್ಸ್‌ನ ಪಂಪ್ ಆಕ್ಸಿಲರೇಟರ್ ಮುಚ್ಚಿದಾಗಲೂ ಎಂಜಿನ್ ತಿರುಗುವಷ್ಟು ಹೊತ್ತು ಒಂದಿಷ್ಟು ಆಯಿಲ್ ಕೊಡುತ್ತಲೇ ಇರುತ್ತದೆ. ಅದಕ್ಕೆ ಪ್ರತಿಯಾಗಿ ಸವಾರ ಮಾಡಬೇಕಾದ್ದು ಇಷ್ಟು: ಆಯಿಲ್ ಮಟ್ಟ ನೋಡುವುದು, ಕೇಬಲ್ ಸಡಿಲವಾದಾಗ ಪಂಪ್ ಮೇಲಿನ ಗುರುತಿಗೆ ಸರಿಯಾಗಿ ಹೊಂದಿಸುವುದು, ಟ್ಯಾಂಕ್ ಖಾಲಿಯಾಗಿದ್ದರೆ ಪೈಪಿನ ಗಾಳಿ ತೆಗೆಯುವುದು. ಪಂಪ್ ಈಗಾಗಲೇ ತೆಗೆಸಿದ ಆರ್‌ಎಕ್ಸ್ ನಿಮಗೆ ಸಿಕ್ಕಿದರೆ ಲೀಟರಿಗೆ 30 ಎಂ.ಎಲ್. ಹಾಕಿ, ಘಾಟಿಯಲ್ಲಿ ಯೆಜ್ಡಿ ಇಳಿಸಿದ ಹಾಗೆಯೇ ಇಳಿಸಿ.

ಸೀಜ್ ಆಗುವ ಮುಂಚೆ ಎಂಜಿನ್ ಹೇಳುತ್ತದೆ. ಶಬ್ದ ಗಡುಸಾಗುತ್ತದೆ, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ವೇಗ ಇಳಿಯುತ್ತದೆ. ತಕ್ಷಣ ಕ್ಲಚ್ ಹಿಡಿಯಿರಿ. ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ತಣ್ಣಗಾಗುವವರೆಗೆ ಕಿಕ್ಕರ್ ಮುಟ್ಟಬೇಡಿ.

ದಾರಿಯಲ್ಲಿ ರಿಪೇರಿ ಮಾಡುವ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಯೆಜ್ಡಿಯಲ್ಲಿ ಇರುವುದು ಸಿಬಿ ಪಾಯಿಂಟ್, ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಬಗೆಯ ಸ್ವಿಚ್. ಮಳೆಗಾಲದ ತೇವ ಸೇರಿಕೊಂಡರೆ ಕಿಡಿ ಬರುವುದಿಲ್ಲ. ಆದರೆ ಕವರ್ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಎಮರಿ ಪೇಪರ್‌ನಲ್ಲಿ ಒಮ್ಮೆ ಉಜ್ಜಿ, ಅಂತರ ಸುಮಾರು 0.4 ಮಿ.ಮೀ. ಇಟ್ಟರೆ ಮತ್ತೆ ಸ್ಟಾರ್ಟ್. ಆರ್‌ಎಕ್ಸ್‌ನಲ್ಲಿ ಸಿಡಿಐ, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಡಬ್ಬಿ. ವರ್ಷಗಟ್ಟಲೆ ಅದರ ತಂಟೆಗೇ ಹೋಗಬೇಕಾಗಿಲ್ಲ. ಹೋದ ದಿನ ಮಾತ್ರ ರಸ್ತೆ ಬದಿಯಲ್ಲಿ ಏನೂ ಮಾಡಲಾಗದು. ಇನ್ನೊಂದು ಸಿಡಿಐ ಬ್ಯಾಗಿನಲ್ಲಿದ್ದರೆ ಬದಲಾಯಿಸಬಹುದು, ಇಲ್ಲದಿದ್ದರೆ ತಳ್ಳಬೇಕು. ಒಟ್ಟಿನಲ್ಲಿ ಯೆಜ್ಡಿ ಆಗಾಗ ಗಮನ ಕೇಳುತ್ತದೆ, ಕೊಟ್ಟರೆ ನಡೆಯುತ್ತದೆ. ತಿಂಗಳಿಗೊಮ್ಮೆಯೂ ಸ್ಪ್ಯಾನರ್ ಹಿಡಿಯಲು ಇಷ್ಟ ಇಲ್ಲದವರಿಗೆ ಅದು ಬೇಡ. ಎರಡಕ್ಕೂ ಬೇಕೇ ಬೇಕಾದದ್ದು ಹೊಸ ಪ್ಲಗ್ ಒಂದು, ಪ್ಲಗ್ ಪಾನಾ ಒಂದು.

ಮನೆಯಲ್ಲಿ ಮಾಡುವ ಕೆಲಸ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಪಿಕಪ್ ಸತ್ತಿದೆ ಅನ್ನಿಸಿದರೆ ಮೊದಲು ಸೈಲೆನ್ಸರ್ ನೋಡಿ. ಒಳಗಿನ ಕೊಳವೆ ಎಳೆದರೆ ಕಾರ್ಬನ್ ಕಪ್ಪಗೆ ಕಟ್ಟಿರುತ್ತದೆ. ಸುಟ್ಟು, ಕೆರೆದು, ಮತ್ತೆ ಹಾಕಿ. ಯೆಜ್ಡಿಯಲ್ಲಿ ಇದು ಡಬಲ್ ಕೆಲಸ. ಬೇಸಿಗೆಯಲ್ಲಿ, ಕಾಫಿ ಕುಯ್ಲು ಮುಗಿದು ಲಾರಿಗಳು ಓಡಾಡುವ ಹೊತ್ತಿಗೆ, ರಸ್ತೆಯ ಕೆಂಪು ಧೂಳು ಏರ್ ಫಿಲ್ಟರ್‌ನಲ್ಲಿ ತುಂಬುತ್ತದೆ. ಅದನ್ನು ದಾಟಿ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗ್ ಬೇಗ ಸವೆದು ಬೋರಿಂಗ್ (ಸಿಲಿಂಡರ್ ಕೊರೆಸುವ) ಖರ್ಚು ಬರುತ್ತದೆ. ಯೆಜ್ಡಿಯ ಚೈನ್ ಪೂರ್ತಿ ಡಬ್ಬಿಯೊಳಗೆ, ರಬ್ಬರ್ ಕೊಳವೆಗಳೊಳಗೆ ಓಡುತ್ತದೆ. ಕೆಸರಿಗೆ ಇದಕ್ಕಿಂತ ಒಳ್ಳೆಯ ಯೋಚನೆ ನಾನು ಕಂಡಿಲ್ಲ.

ಬಿಡಿಭಾಗಗಳು ಎರಡಕ್ಕೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಯೆಜ್ಡಿಗೆ ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳ ಕೈ ಇನ್ನೂ ಪಳಗಿದ್ದು. ಆರ್‌ಎಕ್ಸ್ ಸಾಮಾನು ಬೇಕಾದಷ್ಟಿದೆ, ಅದರಲ್ಲಿ ಡೂಪ್ಲಿಕೇಟೂ ಬೇಕಾದಷ್ಟಿದೆ. ಪಿಸ್ಟನ್, ರಿಂಗ್, ಆಯಿಲ್ ಸೀಲ್ ಈ ಮೂರರಲ್ಲಿ ಮಾತ್ರ ಕಮ್ಮಿ ಬೆಲೆ ನೋಡಬೇಡಿ.

ಹಾಗಾದರೆ ಯಾವುದು? ದಿನಾ ತೋಟ ಸುತ್ತುವವರಿಗೆ, ಒಬ್ಬರೇ ಓಡಾಡುವವರಿಗೆ ನನ್ನ ಮತ ಆರ್‌ಎಕ್ಸ್‌ಗೆ. ಏರಿನಲ್ಲಿ ಅದು ಸೋತದ್ದನ್ನು ಕಲಿತ ಕೈ ತುಂಬಿಕೊಡುತ್ತದೆ. ಬಿದ್ದ ಬೈಕಿನ ತೂಕವನ್ನು ಯಾವ ಕೈಚಳಕವೂ ಕಮ್ಮಿ ಮಾಡುವುದಿಲ್ಲ. ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡು ಜೀಪು ರಸ್ತೆಯಲ್ಲೇ ಹೋಗಿಬರುವವರು ಯೆಜ್ಡಿ ತಗೊಳ್ಳಿ.

ಯಾವುದೇ ಕೊಳ್ಳಲು ಹೋದರೂ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಉರಿಯುತ್ತಿರಬಹುದು. ಗೇರ್ ಆಯಿಲ್ ಮಟ್ಟ ತೆಗೆದು ನೋಡಿ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ತಾನೇ ಮೇಲೆ ಓಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಲೆಕ್ಕ, ಹಾಗೇ ಓಡಿಸಿದರೆ ಸೀಜ್ ಆಗುತ್ತದೆ. ಕೊನೆಗೆ ಆರ್‌ಸಿ ನೋಡಿ. ಈ ಗಾಡಿಗಳೆಲ್ಲ 15 ವರ್ಷ ಯಾವತ್ತೋ ದಾಟಿವೆ. ನವೀಕರಣ ಆಗಿಲ್ಲದಿದ್ದರೆ, ಎಂಜಿನ್ ನಂಬರ್ ಹೊಂದದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿ ಹಾಡಲಿ, ಅಡ್ವಾನ್ಸ್ ಕೊಡಬೇಡಿ.