ಬಾಚಣಿಗೆಗಿಂತ ಮೊದಲು ನೀರು ಹಾಕೋ ಗ್ರೂಮರ್ ಬಂದ್ರೆ ಬಾಗಿಲಿಂದಲೇ ವಾಪಸ್ ಕಳ್ಸಿ

ಗುಂಗುರು ಕೂದಲಿನ ನಾಯಿ ಸಾಕಿರೋರು ದಯವಿಟ್ಟು ಪೂರ್ತಿ ಓದಿ. ಪೂಡಲ್ ಆಗ್ಲಿ, ಪೂಡಲ್ ಮಿಕ್ಸ್ ಆಗ್ಲಿ. ಮನೆಗೇ ಬಂದು ಗ್ರೂಮಿಂಗ್, ಅಂದ್ರೆ ನಾಯಿಗೆ ಸ್ನಾನ, ಕಟಿಂಗ್ ಮಾಡ್ತೀವಿ ಅನ್ನೋ ಆ ಆ್ಯಪ್ ಹೆಸರು ಇಲ್ಲಿ ಹಾಕಲ್ಲ, ಕಂಪ್ಲೇಂಟ್ ನಡೀತಿದೆ. ಆದ್ರೆ ಅವರಾಡಿದ ಆಟ ಮಾತ್ರ ಒಂದೂ ಬಿಡದೆ ಹೇಳ್ತೀನಿ.

ನಮ್ಮ ಬೆಲ್ಲ ಟಾಯ್ ಪೂಡಲ್. ವರ್ಷ ತುಂಬ್ತಾ ಬಂತು. ಮರಿಗೂದಲು ಹೋಗಿ ದೊಡ್ಡ ಕೂದಲು ಬರೋ ಕಾಲ ಹೇಗಿರುತ್ತೆ ಅಂತ ಸಾಕಿದವರಿಗೆ ಗೊತ್ತು, ಬೆಳಗ್ಗೆ ಬಾಚಿದ್ರೆ ಸಂಜೆಗೆ ಮತ್ತೆ ಸಿಕ್ಕು. ಬೇರೆ ನಾಯಿಗಳ ಹಾಗೆ ಇವುಗಳ ಕೂದಲು ಸೋಫಾ ಮೇಲೆಲ್ಲ ಉದುರಲ್ಲ. ಉದುರಿದ್ದೂ ಗುಂಗುರಿನ ಒಳಗೇ ಸಿಕ್ಕಿಕೊಂಡು ಬುಡದಲ್ಲಿ ಜಡೆಗಟ್ಟುತ್ತೆ. ಬೆಲ್ಲನಿಗೂ ಕಿವಿ ಹಿಂದೆ, ಹಾರ್ನೆಸ್ (ಎದೆಗೆ ಹಾಕೋ ಬೆಲ್ಟ್) ಉಜ್ಜೋ ಕಂಕುಳಲ್ಲಿ ಸಣ್ಣ ಸಣ್ಣ ಗಂಟಿದ್ದವು. ಯಾವ ಪೂಡಲ್‌ಗೆ ಇರಲ್ಲ ಹೇಳಿ? ಬೆನ್ನು, ತಲೆ, ಕಾಲು ಎಲ್ಲ ಸಲೀಸಾಗಿ ಬಾಚಣಿಗೆ ಹೋಗ್ತಿತ್ತು. ಆವತ್ತು ಬೆಳಗ್ಗೆ ಬಾಚುವಾಗ ಮಗಳು ತೆಗೆದ ವಿಡಿಯೋನೇ ಇದೆ.

ಬುಕ್ ಮಾಡಿದ್ದು ಸ್ನಾನ, ಉಗುರು, ಕಿವಿ ಕ್ಲೀನಿಂಗ್, ಟೆಡ್ಡಿ ಬೇರ್ ಕಟ್ (ಗೊಂಬೆ ಥರ ದುಂಡಗೆ ಕೂದಲು ಕತ್ತರಿಸೋದು). ₹1,699, ಮೊದಲೇ ಕಟ್ಟಿದ್ದೆ. ಹುಡುಗ ಬಂದ. ಯೂನಿಫಾರ್ಮು, ದೊಡ್ಡ ಬ್ಯಾಗು, ನಗುಮುಖ. ಚಪ್ಪಲಿ ಬಿಡೋ ಮುಂಚೆನೇ ಓಟಿಪಿ ಕೇಳ್ದ, ಕೊಟ್ಟೆ. ಈ ಓಟಿಪಿ ಕಥೆ ಆಮೇಲೆ ಬರುತ್ತೆ.

"ಮೇಡಂ, ಓನರ್ ಎದುರಿಗಿದ್ರೆ ಅವು ಹಠ ಮಾಡ್ತವೆ, ನಾನು ಬಾತ್‌ರೂಮ್ ಬಾಗ್ಲು ಹಾಕ್ಕೋತೀನಿ" ಅಂದ. ಹೊಸಬರು ಬಂದ್ರೆ ಬೆಲ್ಲ ಕುಣಿಯೋದು ನಿಜ, ಸರಿ ಅಂದೆ. ಬಾಗ್ಲು ಹಾಕಿದ ತಕ್ಷಣ ನಲ್ಲಿ ಸದ್ದು. ತಕ್ಷಣ! ಬಾಚಿದ್ದಿಲ್ಲ, ಗಂಟು ಬಿಡಿಸಿದ್ದಿಲ್ಲ.

ಸ್ವಲ್ಪ ಹೊತ್ತಿಗೆ ಕರೆದ. ಬೆಲ್ಲ ತೊಟ್ಟಿಕ್ಕುತ್ತಾ ನಡುಗ್ತಿದ್ದಾನೆ. "ನೋಡಿ ಮೇಡಂ, ಫುಲ್ ಮ್ಯಾಟ್ ಆಗ್ಬಿಟ್ಟಿದೆ. ಬಾಚಣಿಗೆ ಹೋಗ್ತಾನೇ ಇಲ್ಲ. ಶೇವ್ ಮಾಡ್ಬೇಕು. ಗಂಟು ತೆಗೆಯೋ ಡಿಮ್ಯಾಟಿಂಗ್ ಚಾರ್ಜ್ ₹800 ಎಕ್ಸ್‌ಟ್ರಾ ಆಗತ್ತೆ." ಕೈ ಹಾಕಿ ನೋಡಿದ್ರೆ ನಿಜವಾಗ್ಲೂ ಅಂಟಂಟಾಗಿ ಗಟ್ಟಿಯಾಗಿತ್ತು. ಬೆಳಗ್ಗೆ ಸರಿಯಿತ್ತಲ್ಲಪ್ಪಾ ಅಂದ್ರೆ "ಮೇಲ್ಮೇಲೆ ಬಾಚಿರ್ತೀರಾ ಮೇಡಂ, ಎಲ್ಲಾ ಓನರ್ಸ್ ಹಂಗೇ" ಅಂತ ನನಗೇ ಪಾಠ. ಕಿವಿ ಹಿಂದೆ, ಕಂಕುಳು, ಗಂಟಿರೋ ಕಡೆ ಮಾತ್ರ ತೆಗಿ ಅಂತ ಸ್ಪಷ್ಟವಾಗಿ ಹೇಳ್ದೆ. ಅಷ್ಟರಲ್ಲಿ ಗ್ಯಾಸ್‌ನವನು ಬೆಲ್ ಮಾಡ್ದ. ಸಿಲಿಂಡರ್ ಇಳಿಸ್ಕೊಂಡು ವಾಪಸ್ ಬರೋ ಹೊತ್ತಿಗೆ ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಮೇಲೊಂದು ಬೋಳು ಪಟ್ಟಿ!

"ಏನಪ್ಪಾ ಇದು?"

"ಒಂದು ಲೈನ್ ಹೋಯ್ತಲ್ಲ ಮೇಡಂ, ಈಗ ಲೆವೆಲ್ ಮಾಡ್ಲೇಬೇಕು."

ಲೆವೆಲ್ ಅಂತೆ. ಮೈಯೆಲ್ಲ ಬೋಳಿಸ್ದ. ಹತ್ತನೇ ನಂಬರ್ ಬ್ಲೇಡ್. ಅದು ಉಳಿಸೋದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು, ಪಾದ, ಹೊಟ್ಟೆ ಕೆಳಗಿನ ಜಾಗ ಚೊಕ್ಕ ಮಾಡೋಕೆ ಬಳಸೋದು. ಟೆಡ್ಡಿ ಕಟ್‌ಗೆ ಮೆಷಿನ್‌ಗೆ ಗಾರ್ಡ್ ಹಾಕಿ ಉದ್ದ ಬಿಟ್ಟು, ಆಮೇಲೆ ಕತ್ತರಿಯಲ್ಲಿ ದುಂಡಗೆ ಮಾಡ್ಬೇಕು. ಅದಕ್ಕೆ ಟೈಮ್ ಬೇಕು, ಕೈಚಳಕ ಬೇಕು. ಬೋಳಿಸೋಕೆ ಎರಡೂ ಬೇಡ. ಬೆಲ್ಲ ಸಿಪ್ಪೆ ಸುಲಿದ ಆಲೂಗಡ್ಡೆ ಥರ ಕಾಣ್ತಿದ್ದ, ತಲೆ ಮಾತ್ರ ದೊಡ್ಡದು.

ಅವನು ಸಾಮಾನು ತುಂಬ್ಕೊಳ್ಳುವಾಗ ಬ್ಯಾಗ್ ಒಳಗೆ ಕಣ್ಣು ಹೋಯ್ತು. ಸ್ಟೀಲ್ ಬಾಚಣಿಗೆ. ಪ್ಲಾಸ್ಟಿಕ್ ಕವರ್ ಒಳಗೇ ಇದೆ, ಮೇಲೆ ಅಂಟಿಸಿದ ಬೆಲೆಯ ಸ್ಟಿಕ್ಕರ್ ಕೂಡ ಹರಿದಿಲ್ಲ. ಬಾಚಣಿಗೆ ಹೋಗ್ತಾನೇ ಇಲ್ಲ ಅಂದ್ಯಲ್ಲ, ಯಾವ ಬಾಚಣಿಗೆ ಅಂತ ಕೇಳ್ದೆ. ಮೈಯೆಲ್ಲ ಉರೀತಿತ್ತು ನನಗೆ. ಅವನ ಉತ್ತರ: "ಕೈಯಲ್ಲೇ ಗೊತ್ತಾಗತ್ತೆ ಮೇಡಂ, ಎಕ್ಸ್‌ಪೀರಿಯನ್ಸ್. ಕೂದ್ಲು ತಾನೇ, ಬೆಳ್ಯತ್ತೆ ಬಿಡಿ. ಬೇಸಿಗೆ ಬೇರೆ, ತಂಪಾಗಿರತ್ತೆ." ಆ ₹800 ನಾನು ಅಷ್ಟರಲ್ಲಿ ಸ್ಕ್ಯಾನ್ ಮಾಡಿ ಕಳ್ಸಿಯೂ ಆಗಿತ್ತು, ಅದು ಇನ್ನೂ ಹೊಟ್ಟೆ ಉರಿ.

ರಾತ್ರಿ ಬೆಲ್ಲ ಹೊಟ್ಟೆ ನೆಕ್ಕೋದು ನಿಲ್ಲಿಸ್ಲೇ ಇಲ್ಲ. ತೊಡೆಸಂದಿಯಲ್ಲಿ ಕೆಂಪು ಗೆರೆ ಗೆರೆ. ಡಾಕ್ಟರ್ ನೋಡಿದ ಕೂಡಲೇ ಕ್ಲಿಪ್ಪರ್, ಅಂದ್ರೆ ಕೂದಲು ತೆಗೆಯೋ ಮೆಷಿನ್, ತಾಗಿ ಸುಟ್ಟಿದ್ದು ಅಂದ್ರು. ಮೆಷಿನ್ ಓಡ್ತಾ ಓಡ್ತಾ ಬ್ಲೇಡ್ ಕಾಯುತ್ತೆ, ಆಗಾಗ ಮಣಿಕಟ್ಟಿಗೆ ಮುಟ್ಟಿಸಿ ನೋಡಿ ತಣಿಸ್ಬೇಕು. ಇವನು ತಣಿಸಿಲ್ಲ. ಮುಲಾಮು, ನೆಕ್ಕದ ಹಾಗೆ ಕುತ್ತಿಗೆಗೆ ಕೋನ್, ಕನ್ಸಲ್ಟೇಷನ್ ಸೇರಿ ಇನ್ನಷ್ಟು ಖರ್ಚು. ಗಂಟಿನ ವಿಷಯಾನೂ ಅವರೇ ಬಿಡಿಸಿ ಹೇಳಿದ್ರು: ಸಿಕ್ಕು ಬಿಡಿಸದೆ ನೆನೆಸಿ, ಟವೆಲ್‌ನಲ್ಲಿ ಗಸಗಸ ಉಜ್ಜಿದ್ರೆ ಸಡಿಲ ಇದ್ದ ಗಂಟೂ ಬಿಗಿಯುತ್ತೆ, ಸುತ್ತಲಿನ ಕೂದಲನ್ನೂ ಎಳ್ಕೊಳ್ಳುತ್ತೆ. ಅಂದ್ರೆ ನಾನು ದುಡ್ಡು ಕೊಟ್ಟಿದ್ದು ಬಾತ್‌ರೂಮ್ ಬಾಗ್ಲು ಹಾಕ್ಕೊಂಡು ಅವನೇ ಮಾಡಿದ ಗಂಟಿಗೆ!

ಕಸ್ಟಮರ್ ಕೇರ್‌ಗೆ ಫೋಟೋ, ವಿಡಿಯೋ, ಡಾಕ್ಟರ್ ಚೀಟಿ ಎಲ್ಲ ಕಳ್ಸಿದೆ. ಮೊದಲ ಉತ್ತರ, "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ." ಎರಡನೇದು, "ಪೆಟ್‌ನ ಕೋಟ್ ಕಂಡೀಷನ್‌ಗೆ ಕಂಪನಿ ಜವಾಬ್ದಾರಿಯಲ್ಲ." ನಾನು ಶೇವ್ ಮಾಡಿ ಅಂತ ಎಲ್ಲಿ ಹೇಳಿದ್ದೀನಿ ತೋರಿಸಿ ಅಂದಿದ್ದಕ್ಕೆ, "ಓಟಿಪಿ ಹಂಚಿಕೊಂಡಾಗ ಎಲ್ಲ ಷರತ್ತುಗಳಿಗೆ ಒಪ್ಪಿಗೆ ನೀಡಿದ್ದೀರಿ." ಬಾಗಿಲಲ್ಲಿ ನಿಂತು ಹೇಳಿದ ನಾಲ್ಕು ಅಂಕಿ ನಾಯಿ ಬೋಳಿಸೋಕೆ ಒಪ್ಪಿಗೆಯಂತೆ! ಕೊನೆಗೆ ಮುಂದಿನ ಗ್ರೂಮಿಂಗ್‌ಗೆ ಹತ್ತು ಪರ್ಸೆಂಟ್ ಕೂಪನ್. ಮುಂದಿನ ಸಲ ಬೋಳಿಸೋಕೆ ಏನು ಉಳಿದಿದೆ ಅಂತ ಕೇಳ್ದೆ. ಅದಕ್ಕೆ ಸ್ಮೈಲಿ ಬಂತು.

ಪಾರ್ಕ್‌ನಲ್ಲಿ ಎಲ್ಲರೂ "ಏನ್ರೀ, ಚರ್ಮದ ಕಾಯಿಲೆನಾ?" ಅಂತ ಮಕ್ಕಳನ್ನ ದೂರ ಎಳ್ಕೊಳ್ತಾರೆ. ನಾಚಿಕೆಗೆ ರಾತ್ರಿ ಹೊತ್ತು ವಾಕಿಂಗ್ ಕರ್ಕೊಂಡು ಹೋಗ್ತಿದ್ದೀನಿ.

ಯಾರಾದ್ರೂ ಮನೆಗೆ ಕರೆಸೋದಾದ್ರೆ ಬಾಗಿಲು ಹಾಕೋಕೆ ಬಿಡಬೇಡಿ. ಒಣಗಿದ ಕೂದಲಿಗೆ ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲಿನ ಬ್ರಷ್), ಆಮೇಲೆ ಸ್ಟೀಲ್ ಬಾಚಣಿಗೆ, ಬುಡದವರೆಗೆ, ನಿಮ್ಮ ಕಣ್ಣೆದುರಿಗೇ. ಆಮೇಲೆ ನೀರು. ಯಾವ ಬ್ಲೇಡ್, ಎಷ್ಟು ಉದ್ದ ಬಿಡ್ತೀರಿ ಅಂತ ಮೆಸೇಜ್‌ನಲ್ಲೇ ಬರೆಸ್ಕೊಳ್ಳಿ, ಬಾಯಿಮಾತಿಗೆ ಅವರ ಹತ್ರ ಕಿವಿನೇ ಇಲ್ಲ. ಎಕ್ಸ್‌ಟ್ರಾ ದುಡ್ಡು ಕೆಲಸ ಮುಗಿಯೋ ಮುಂಚೆ ಕೊಡ್ಲೇಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ, ನಂಬರ್ ಬಂದಿದೆ. ದೂರು ಹೋದ ಮೇಲೆ ಇವರ ದನಿ ಬದಲಾಯ್ತು ನೋಡಿ. ನಿನ್ನೆ ಯಾರೋ "ಸೀನಿಯರ್ ಮ್ಯಾನೇಜರ್" ಫೋನ್ ಮಾಡಿ, ಆ ₹800 ವಾಪಸ್ ಹಾಕ್ತೀವಿ, ಮೊದಲು ಆ್ಯಪ್‌ನಲ್ಲಿರೋ ರಿವ್ಯೂ ತೆಗೀರಿ ಮೇಡಂ ಅಂದ. ತೆಗೆಯಲ್ಲ ಅಂದೆ. ಅದರ ಕೆಳಗೆ ಆ ಪ್ಯಾಕೆಟ್ ಬಾಚಣಿಗೆ ವಿಷಯಾನೂ ಸೇರಿಸಿದ್ದೀನಿ.