ಹೆಲ್ಪ್ ಡೆಸ್ಕ್ ಇಂಟರ್‌ವ್ಯೂ ಕಿಟ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬೆಂಗಳೂರಿನಲ್ಲಿ ಐಟಿ ಹೆಲ್ಪ್ ಡೆಸ್ಕ್ ಕೆಲಸ (ಕಂಪನಿ ಉದ್ಯೋಗಿಗಳ ಕಂಪ್ಯೂಟರ್ ತೊಂದರೆ ಬಗೆಹರಿಸುವ ಕೆಲಸ) ಹುಡುಕುತ್ತಿರುವ ಫ್ರೆಶರ್‌ಗಳಿಗೆ ಈ ಬರಹ. ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಮುಗಿಸಿ, ಕೋಡಿಂಗ್ ಅಷ್ಟಾಗಿ ಕೈಹಿಡಿಯದೆ, ಮೊದಲು ಒಂದು ಕಂಪನಿಯ ಒಳಗೆ ಕಾಲಿಟ್ಟರೆ ಸಾಕು ಎಂದುಕೊಂಡಿರುವವರಿಗೆ. ನಾನೂ ಹಾಗೇ ಅರಸೀಕೆರೆ ಕಡೆಯಿಂದ ಬಂದವನು. ಮಾರತ್ತಹಳ್ಳಿ ಹತ್ತಿರದ ಒಂದು ಕನ್ಸಲ್ಟೆನ್ಸಿ ನನ್ನಿಂದ 18,000 ರೂಪಾಯಿ ತಗೊಂಡಿತು. ನನಗೆ ಗೊತ್ತಿಲ್ಲದೆ ನನ್ನ ರೆಸ್ಯೂಮ್‌ನಲ್ಲಿ ಸುಳ್ಳು ಬರೆಯಿತು. ಒಂದು ಒಳ್ಳೆ ಕಂಪನಿಯವರ ಮುಂದೆ ನನ್ನನ್ನು ಕಳ್ಳನ ಹಾಗೆ ಕೂರಿಸಿತು. ಹೆಸರು ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ, ಇಂಥವರು ಬೋರ್ಡ್ ಬದಲಾಯಿಸುತ್ತಲೇ ಇರುತ್ತಾರೆ. ಕೆಲಸ ಮಾಡುವ ರೀತಿ ಮಾತ್ರ ಅದೇ ಇರುತ್ತದೆ.

ಶುರುವಾಗುವುದು ಒಂದು ಫೋನಿನಿಂದ. ಜಾಬ್ ಪೋರ್ಟಲ್‌ನಲ್ಲಿ ನಿಮ್ಮ ರೆಸ್ಯೂಮ್ ನೋಡಿರುತ್ತಾರೆ. 'ಸರ್, ಒಂದು ಎಂಎನ್‌ಸಿಗೆ ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ, ನಾಳೆ ಹನ್ನೊಂದಕ್ಕೆ ಬನ್ನಿ' ಅಂತಾರೆ. ಯಾವ ಎಂಎನ್‌ಸಿ ಅಂದರೆ 'ಕ್ಲೈಂಟ್ ಹೆಸರು ಫೋನಲ್ಲಿ ಹೇಳೋ ಹಾಗಿಲ್ಲ' ಅಂತಾರೆ. ಹೋದರೆ ಬೇಕರಿ ಮೇಲಿನ ಮಹಡಿಯಲ್ಲಿ ಒಂದು ಆಫೀಸು, ಗೋಡೆ ತುಂಬ ಆಫರ್ ಲೆಟರ್‌ಗಳ ಜೆರಾಕ್ಸ್. ಒಂದು ಟೆಸ್ಟ್ ಕೊಡುತ್ತಾರೆ. ಬಂದವರೆಲ್ಲ ಪಾಸಾಗುತ್ತಾರೆ! ಆಮೇಲೆ ಒಳಗೆ ಕರೆದು, 'ಕಮ್ಯುನಿಕೇಶನ್ ಓಕೆ, ಟೆಕ್ನಿಕಲ್‌ನಲ್ಲಿ ಸ್ವಲ್ಪ ಗ್ಯಾಪ್ ಇದೆ, ನಮ್ಮ ಇಂಟರ್‌ವ್ಯೂ ಕಿಟ್ ತಗೊಂಡ್ರೆ ಸಾಕು' ಎಂದು ಶುರು ಮಾಡುತ್ತಾರೆ. ಪ್ಲೇಸ್‌ಮೆಂಟ್ ಗ್ಯಾರಂಟಿ. ಅರ್ಧ ದುಡ್ಡು ಈಗ, ಅರ್ಧ ಆಫರ್ ಬಂದ ಮೇಲೆ. ನನ್ನ 18,000 ಈ ಮೊದಲ ಅರ್ಧ. ಅಪ್ಪ ಕೊಬ್ಬರಿ ಮಾರಿದ ದುಡ್ಡು ಅದು.

ರಶೀದಿಯಲ್ಲಿ 'ಪ್ಲೇಸ್‌ಮೆಂಟ್' ಅನ್ನೋ ಪದವೇ ಇರಲಿಲ್ಲ. 'ತರಬೇತಿ ಶುಲ್ಕ, ಮರಳಿಸಲಾಗುವುದಿಲ್ಲ' ಎಂದಿತ್ತು. ಕೇಳಿದ್ದಕ್ಕೆ 'ಅದು ಜಿಎಸ್‌ಟಿಗೋಸ್ಕರ ಸರ್, ಫಾರ್ಮ್ಯಾಟ್ ಅಷ್ಟೇ' ಅಂದರು. ವೆರಿಫಿಕೇಶನ್‌ಗೆ ಎಂದು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರು. ರೆಸ್ಯೂಮನ್ನು ಪಿಡಿಎಫ್ ಬೇಡ, ವರ್ಡ್ ಫೈಲ್‌ನಲ್ಲೇ ಕಳಿಸಿ ಅಂದರು. ನಿಜವಾದ ಕನ್ಸಲ್ಟೆನ್ಸಿಗಳೂ ತಮ್ಮ ಲೆಟರ್‌ಹೆಡ್ ಹಾಕಲು ವರ್ಡ್ ಫೈಲ್ ಕೇಳುವುದುಂಟು. ಹಾಗಾಗಿ ಅದೊಂದರಿಂದಲೇ ಮೋಸ ಅನ್ನಲಾಗದು. ಆದರೆ ಇಲ್ಲಿ ಅದು ಯಾಕೆ ಬೇಕಿತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಕಿಟ್ ಅಂದರೆ ಒಂದು ಪಿಡಿಎಫ್. ಡಿಎಚ್‌ಸಿಪಿ ಅಂದರೇನು, ಡಿಎನ್‌ಎಸ್ ಅಂದರೇನು, ಆರ್‌ಡಿಪಿಯ ಪೋರ್ಟ್ ನಂಬರ್ ಎಷ್ಟು, ಇಂಥವೇ ಪುಟಗಟ್ಟಲೆ. ಉತ್ತರ ಒಂದೊಂದು ಸಾಲು, ಬಾಯಿಪಾಠ ಮಾಡಬೇಕು. 'ನಿಮ್ಮ ಬಗ್ಗೆ ಹೇಳಿ' ಅನ್ನೋ ಪ್ರಶ್ನೆಗೂ ಒಂದು ಇಂಗ್ಲಿಷ್ ಪ್ಯಾರಾ ರೆಡಿ, ಊರಿನ ಹೆಸರು ಮಾತ್ರ ನಾವು ತುಂಬಬೇಕು. ಹವ್ಯಾಸ ಕೂಡ ಅವರೇ ಬರೆದಿದ್ದರು, ಚೆಸ್ ಆಡುವುದು. ಕ್ಲಾಸಿನಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದರಲ್ಲೂ ಆಕ್ಟಿವ್ ಡೈರೆಕ್ಟರಿ (ಕಂಪನಿಯ ಯೂಸರ್ ಅಕೌಂಟ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ) ತೋರಿಸಲಿಲ್ಲ. ಹೆಲ್ಪ್ ಡೆಸ್ಕ್ ಕೆಲಸಕ್ಕೆ ಹೋಗುವವನಿಗೆ ಯೂಸರ್ ಅಕೌಂಟ್ ಅನ್‌ಲಾಕ್ ಮಾಡುವುದನ್ನೇ ತೋರಿಸದ ಟ್ರೈನಿಂಗ್ ಅದು.

ಇಂಟರ್‌ವ್ಯೂ ಮಾತ್ರ ನಿಜವಾದದ್ದೇ. ಔಟರ್ ರಿಂಗ್ ರೋಡಿನ ಒಂದು ದೊಡ್ಡ ಕಂಪನಿ, ಎಲ್1 (ಮೊದಲ ಹಂತದ) ಸರ್ವೀಸ್ ಡೆಸ್ಕ್, ರೊಟೇಶನಲ್ ಶಿಫ್ಟ್. ಒಳಗೆ ಇಬ್ಬರಿದ್ದರು. ನಾನು ಆ ಪ್ಯಾರಾ ಶುರು ಮಾಡಿದೆ. ಚೆಸ್ ಅನ್ನುವಷ್ಟರಲ್ಲಿ ಒಬ್ಬರು ನಕ್ಕುಬಿಟ್ಟರು. ಬೆಳಗ್ಗೆಯಿಂದ ಬಂದವರೆಲ್ಲ ಚೆಸ್ ಆಡುವವರೇ ಅಂದರು. ಪಕ್ಕದಲ್ಲಿದ್ದ ಮೇಡಂ ನಗಲಿಲ್ಲ, ಪ್ರಶ್ನೆ ಕೇಳಿದರು. ಒಬ್ಬ ಯೂಸರ್ ಫೋನ್ ಮಾಡಿದ್ದಾರೆ. ನಿನ್ನೆ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಇವತ್ತು ನೀವು ಅಕೌಂಟ್ ಅನ್‌ಲಾಕ್ ಮಾಡಿದ ಹತ್ತು ನಿಮಿಷಕ್ಕೆ ಮತ್ತೆ ಲಾಕ್ ಆಗುತ್ತಿದೆ. ಏನು ಮಾಡುತ್ತೀರಿ? ಕಿಟ್‌ನಲ್ಲಿ ಇದ್ದದ್ದು 'ಪಾಸ್‌ವರ್ಡ್ ರಿಸೆಟ್ ಮಾಡುತ್ತೇನೆ' ಅಷ್ಟೇ. ಅದನ್ನೇ ಹೇಳಿದೆ. 'ಮಾಡಿದ್ರಿ. ಮತ್ತೆ ಲಾಕ್ ಆಯ್ತು. ಈಗ?' ಅಂದರು.

ಅಲ್ಲಿಗೆ ಮುಗಿದಿದ್ದರೆ ಒಂದು ಇಂಟರ್‌ವ್ಯೂ ಹೋಯಿತು ಎಂದು ಸುಮ್ನಿರುತ್ತಿದ್ದೆ. ಮೇಡಂ ಮುಂದೆ ಕೇಳಿದ್ದು, 'ಒಂದು ವರ್ಷ ಎಂಟು ತಿಂಗಳು ಡೆಸ್ಕ್‌ಟಾಪ್ ಸಪೋರ್ಟ್ ಮಾಡಿದ್ದೀರಿ, ಅಲ್ಲಿ ಯಾವ ಟಿಕೆಟಿಂಗ್ ಟೂಲ್ ಇತ್ತು?' (ಯೂಸರ್‌ಗಳ ದೂರು ದಾಖಲಿಸುವ ಸಾಫ್ಟ್‌ವೇರ್ ಅದು.) ನಾನು ಫ್ರೆಶರ್ ಅಂದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಫೋಟೋ, ನನ್ನ ನಂಬರು, ನನ್ನ ಕಾಲೇಜು. ಅದರ ಕೆಳಗೆ ನಾನು ಹೆಸರೇ ಕೇಳದ ಒಂದು ಕಂಪನಿಯ ಅನುಭವ. ಇದು ನಾನು ಬರೆದದ್ದಲ್ಲ ಅಂದೆ. ಬ್ಯಾಗಿನಲ್ಲಿ ನನ್ನದೇ ಪ್ರಿಂಟ್ ಇರಲಿಲ್ಲ, 'ನಾವೇ ಕಳಿಸಿದ್ದೀವಿ, ಏನೂ ಬೇಡ' ಎಂದು ಕನ್ಸಲ್ಟೆನ್ಸಿಯವರು ಹೇಳಿದ್ದರು. ಮೇಡಂ ಆಗ ಕನ್ನಡಕ್ಕೆ ಬಂದರು. 'ಎಲ್ಲಿಯವರಪ್ಪ ನೀವು? ಈ ಕನ್ಸಲ್ಟೆನ್ಸಿಯಿಂದ ಇವತ್ತು ಬಂದವರದೆಲ್ಲ ಹೀಗೇ ಇದೆ. ನಾನು ಇದನ್ನ ಎಚ್‌ಆರ್‌ಗೆ ಹೇಳಲೇಬೇಕು' ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ವಾಪಸ್ ಹೋಗಿ ಕೇಳಿದರೆ ಕನ್ಸಲ್ಟೆನ್ಸಿಯವನು ಕುರ್ಚಿಯಿಂದ ಏಳಲೂ ಇಲ್ಲ. 'ಎಲ್ರೂ ಹಾಕ್ತಾರೆ ಬ್ರೋ. ನೀವ್ಯಾಕೆ ಬಾಯಿ ಬಿಟ್ರಿ? ಹೂಂ ಅನ್ನೋದಲ್ವಾ?' ಅಂದ. ಜೊತೆಗೆ ಇನ್ನೊಂದು ವ್ಯಾಪಾರ ಇಟ್ಟ. 60,000 ಕೊಟ್ಟರೆ ಅನುಭವ ಪತ್ರ, ಪೇ ಸ್ಲಿಪ್, ಪಿಎಫ್ ಎಂಟ್ರಿ ಎಲ್ಲ ಮಾಡಿಸಿಕೊಡುತ್ತಾನಂತೆ.

ಈ ಮಾತಿಗೆ ತಲೆಯಾಡಿಸಿದವರು ನಮ್ಮ ಪಿಜಿಯಲ್ಲೇ ಇದ್ದರು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲಸ ಸಿಕ್ಕಿದ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತ ಆಗುತ್ತದೆ. ಹಳೇ ಕಂಪನಿ ನಿಜಕ್ಕೂ ಇದೆಯಾ, ಯಾರು ಸಹಿ ಹಾಕಿದ್ದು, ಯುಎಎನ್ (ಪಿಎಫ್ ಖಾತೆಗಳ ಒಂದೇ ಗುರುತಿನ ಸಂಖ್ಯೆ) ನಂಬರಿನಲ್ಲಿ ಪಿಎಫ್ ಯಾವಾಗ ಯಾರು ಕಟ್ಟಿದ್ದು, ಎಲ್ಲ ನೋಡುತ್ತಾರೆ. ಅದು ಸೇರಿ ತಿಂಗಳುಗಳಾದ ಮೇಲೂ ಬರಬಹುದು. 2022ರಲ್ಲಿ ಆಕ್ಸೆಂಚರ್ ಇಂಡಿಯಾ ಬಹಿರಂಗವಾಗಿಯೇ ಹೇಳಿತು: ಇಲ್ಲದ ಕಂಪನಿಗಳ ಅನುಭವ ಪತ್ರ ತೋರಿಸಿ ಸೇರಿದವರನ್ನು ಪತ್ತೆ ಹಚ್ಚಿ ಕೆಲಸದಿಂದ ತೆಗೆದಿದ್ದೇವೆ ಎಂದು. ಎಲ್1 ಕೆಲಸಕ್ಕೆ ಫ್ರೆಶರ್‌ಗಳನ್ನೇ ತಗೊಳ್ಳುವಾಗ ಇಂಥ ಸುಳ್ಳಿನ ಅಗತ್ಯವೇ ಇಲ್ಲ. ಅದು ಬೇಕಾಗಿರುವುದು ಕನ್ಸಲ್ಟೆನ್ಸಿಗೆ, ಹೆಚ್ಚು ಕಡೆ ರೆಸ್ಯೂಮ್ ತಳ್ಳುವುದಕ್ಕೆ.

ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ. ಬಾಕಿ ಅರ್ಧ ಕಟ್ಟಿ ತಗೊಂಡು ಹೋಗಿ ಅಂದರು. ನಾನು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಟ್ಟೆ, ರಶೀದಿಯ ಜೆರಾಕ್ಸ್ ಮತ್ತು ವಾಟ್ಸಾಪ್ ಚಾಟ್ ಪ್ರಿಂಟ್ ಸೇರಿಸಿ. ಠಾಣೆಯಿಂದ ಒಂದು ಫೋನ್ ಹೋಯಿತು. ಸಂಜೆಯೊಳಗೆ ಮಾರ್ಕ್ಸ್ ಕಾರ್ಡ್ ಕೈಗೆ ಬಂತು. ದುಡ್ಡು ಬರಲಿಲ್ಲ, ರಶೀದಿಯ ಆ 'ತರಬೇತಿ ಶುಲ್ಕ' ತೋರಿಸಿ ಕೈ ತೊಳೆದುಕೊಂಡರು. ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಹಾಕಿದ್ದೇನೆ. ನೇರವಾಗಿ ಆಫೀಸಿಗೆ ಹೋಗದೆ, ಫೋನಿನಲ್ಲೇ ಮಾತಾಡಿ ಯುಪಿಐನಲ್ಲಿ 'ರಿಜಿಸ್ಟ್ರೇಶನ್ ಫೀ' ಕಳಿಸಿ ಮೋಸಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ. ತಡವಾದಷ್ಟೂ ಆ ದುಡ್ಡನ್ನು ತಡೆಹಿಡಿಯುವುದು ಕಷ್ಟ.

ಇನ್ನು ಇಂಟರ್‌ವ್ಯೂ ವಿಷಯ. ಆ ಕಿಟ್ ಉಪಯೋಗಕ್ಕೆ ಬಾರದ್ದು ಮಾತ್ರವಲ್ಲ, ಅದು ತಲೆ ಕೆಡಿಸುತ್ತದೆ. ಇದು ಗೊತ್ತಾದದ್ದು ನಮ್ಮ ಪಿಜಿಯಲ್ಲಿದ್ದ ಹಾಸನದ ಒಬ್ಬ ಅಣ್ಣನಿಂದ. ಅವರು ಬೇರೆ ಕಂಪನಿಯಲ್ಲಿ ಎಲ್2, ಅಂದರೆ ಎಲ್1ಕ್ಕಿಂತ ಮೇಲಿನ ಹಂತ. ರಾತ್ರಿ ಊಟ ಆದ ಮೇಲೆ ಯೂಸರ್ ಥರ ನನಗೆ ಫೋನ್ ಮಾಡಿ ಗೋಳಾಡುತ್ತಿದ್ದರು, ನಾನು ಉತ್ತರ ಕೊಡಬೇಕು. ಉತ್ತರ ಕೊಡೋಕೆ ಹೋದರೆ ಬೈಗುಳ. 'ಮೊದಲು ಪ್ರಶ್ನೆ ಕೇಳೋ. ನಿಂಗೆ ಒಬ್ಬನಿಗೇ ಆಗ್ತಿದೆಯಾ, ಎಲ್ಲರಿಗೂನಾ? ಯಾವಾಗಿಂದ? ಅದಕ್ಕೆ ಮುಂಚೆ ಏನು ಬದಲಾಯ್ತು?' ಈ ಮೂರು ಕೇಳದೆ ಕೀಬೋರ್ಡ್ ಮುಟ್ಟಬಾರದು ಅನ್ನೋದು ಅವರ ಕಾನೂನು.

ಮೇಡಂ ಕೇಳಿದ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ಪಾಸ್‌ವರ್ಡ್ ಬದಲಾಯಿಸಿದ್ದು ಲ್ಯಾಪ್‌ಟಾಪಿನಲ್ಲಿ. ಆದರೆ ಯೂಸರ್‌ನ ಮೊಬೈಲಿನ ಆಫೀಸ್ ಮೇಲ್‌ನಲ್ಲಿ, ಅಥವಾ ಆಫೀಸ್ ವೈಫೈನಲ್ಲಿ ಹಳೇ ಪಾಸ್‌ವರ್ಡೇ ಉಳಿದಿರುತ್ತದೆ. ಫೋನು ತಾನಾಗಿಯೇ ಹಳೇದನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ಅಕೌಂಟ್ ಲಾಕ್ ಆಗುತ್ತದೆ. ನೀವು ನೂರು ಸಲ ರಿಸೆಟ್ ಮಾಡಿದರೂ ಅದೇ ಕಥೆ. ಫೋನಿನಲ್ಲಿ ಹೊಸದು ಹಾಕಿಸಬೇಕು, ಪಾಸ್‌ವರ್ಡ್‌ಗಳನ್ನು ಉಳಿಸಿಡುವ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಹಳೇದನ್ನು ತೆಗೆಸಬೇಕು.

ಡಿಎಚ್‌ಸಿಪಿ ಪೂರ್ಣ ರೂಪವನ್ನು ನನಗೆ ಯಾರೂ ಕೇಳಿಲ್ಲ. ಕೇಳುವುದು ಹೀಗೆ: ನೆಟ್ ಬರುತ್ತಿಲ್ಲ, ಐಪಿ (ನೆಟ್‌ವರ್ಕ್‌ನಲ್ಲಿ ಮೆಷಿನ್‌ನ ವಿಳಾಸ) 169.254ರಿಂದ ಶುರುವಾಗುತ್ತಿದೆ, ಏನು ಅರ್ಥ? ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಐಪಿ ಸಿಗದೆ ವಿಂಡೋಸ್ ತಾನೇ ಒಂದು ಹಾಕಿಕೊಂಡಿದೆ ಎಂದರ್ಥ. ಕೇಬಲ್ ಅಥವಾ ವೈಫೈ ನೋಡಿ, ಐಪಿಕಾನ್ಫಿಗ್ ಕಮಾಂಡಿನಲ್ಲಿ ರಿಲೀಸ್, ರಿನ್ಯೂ ಮಾಡಿ (ಹಳೇ ಐಪಿ ಬಿಟ್ಟು ಹೊಸದು ಕೇಳಿ), ಪಕ್ಕದವರಿಗೂ ಹೀಗೇ ಇದ್ದರೆ ನೆಟ್‌ವರ್ಕ್ ಟೀಮಿಗೆ ಕಳಿಸಬೇಕು. 8.8.8.8ಗೆ (ಗೂಗಲ್‌ನ ಒಂದು ಸರ್ವರ್) ಪಿಂಗ್ ಹೋಗುತ್ತದೆ, ವೆಬ್‌ಸೈಟ್ ಮಾತ್ರ ತೆರೆಯುತ್ತಿಲ್ಲ ಅಂದರೆ ಮೊದಲು ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಮೇಲೆ ಅನುಮಾನ. ಔಟ್‌ಲುಕ್ ತೆರೆಯುತ್ತಿಲ್ಲ ಅಂದರೆ ಬ್ರೌಸರ್‌ನಲ್ಲಿ ಮೇಲ್ ತೆರೆಯುತ್ತಾ ಕೇಳಿ. ತೆರೆದರೆ ತೊಂದರೆ ಬಹುಶಃ ಆ ಮೆಷಿನ್‌ನಲ್ಲಿದೆ, ಮೇಲ್‌ಬಾಕ್ಸ್‌ನಲ್ಲಲ್ಲ. ಆಗ ಔಟ್‌ಲುಕ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆದು ನೋಡಿ, ಆಮೇಲೆ ಆ್ಯಡ್-ಇನ್, ಪ್ರೊಫೈಲ್ ನೋಡಿ. ಪ್ರಿಂಟರ್ ಬಗ್ಗೆ ಹೇಳಲು ಹೋದರೆ ರಾತ್ರಿಯಾಗುತ್ತದೆ, ಪ್ರಿಂಟ್ ಸರದಿ ನೋಡಿಕೊಳ್ಳುವ ಸ್ಪೂಲರ್ ಸರ್ವೀಸ್ ರೀಸ್ಟಾರ್ಟ್ ಮಾಡುವುದು ಗೊತ್ತಿದ್ದರೆ ಸದ್ಯಕ್ಕೆ ಬದುಕಬಹುದು.

ಈಗಿನ ಇಂಟರ್‌ವ್ಯೂಗಳಲ್ಲಿ ಜಾಸ್ತಿ ಬರುವ ಇನ್ನೊಂದು ಪ್ರಶ್ನೆ ಕಿಟ್‌ನಲ್ಲಿ ಇರಲೇ ಇಲ್ಲ. ಒಬ್ಬರು ಫೋನ್ ಮಾಡುತ್ತಾರೆ, 'ನಾನು ವೈಸ್ ಪ್ರೆಸಿಡೆಂಟ್, ಏರ್‌ಪೋರ್ಟ್‌ನಲ್ಲಿದ್ದೀನಿ, ತಕ್ಷಣ ಪಾಸ್‌ವರ್ಡ್ ರಿಸೆಟ್ ಮಾಡಿ' ಎಂದು ಕೂಗಾಡುತ್ತಾರೆ. ಮಾಡುತ್ತೀರಾ? ಯಾರೆಂದು ಖಚಿತವಾಗದೆ ಮಾಡುವುದಿಲ್ಲ ಅನ್ನೋದು ಉತ್ತರ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೋಟೆಲ್-ಕ್ಯಾಸಿನೊ ಕಂಪನಿ ಎಂಜಿಎಂ ರೆಸಾರ್ಟ್ಸ್ ಮೇಲಿನ ದಾಳಿಯಲ್ಲಿ ಕಳ್ಳರು ಉದ್ಯೋಗಿಯ ಹೆಸರು ಹೇಳಿಕೊಂಡು ಐಟಿ ಹೆಲ್ಪ್ ಡೆಸ್ಕ್‌ಗೇ ಫೋನ್ ಮಾಡಿದ್ದರು ಎಂದು ವರದಿಯಾಗಿತ್ತು. ಆ ಕಂಪನಿ ಲೆಕ್ಕ ಹಾಕಿದ ನಷ್ಟ ಸುಮಾರು 10 ಕೋಟಿ ಡಾಲರ್. ಸಿಟ್ಟಾದ ಸಾಹೇಬರನ್ನು ಮರ್ಯಾದೆಯಿಂದಲೇ ತಡೆಯಬೇಕು, ದಾಖಲೆಯಲ್ಲಿರುವ ಅವರ ನಂಬರಿಗೆ ಕಾಲ್‌ಬ್ಯಾಕ್ ಮಾಡಬೇಕು, ಇಲ್ಲವೇ ಅವರ ಮ್ಯಾನೇಜರ್ ಮೂಲಕ ಖಚಿತ ಮಾಡಿಕೊಳ್ಳಬೇಕು. ಇದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುವುದನ್ನು ಅಭ್ಯಾಸ ಮಾಡಿ. ಆ್ಯಕ್ಸೆಂಟ್ ಬೇಕಿಲ್ಲ, ಕೇಳುವವರಿಗೆ ಅರ್ಥವಾಗಬೇಕು.

ನನಗೆ ಕೆಲಸ ಸಿಕ್ಕ ಇಂಟರ್‌ವ್ಯೂನಲ್ಲಿ 2024ರ ಜುಲೈ 19ರ ಬಗ್ಗೆ ಕೇಳಿದ್ದರು. ಕ್ರೌಡ್‌ಸ್ಟ್ರೈಕ್ ಅನ್ನೋ ಸೈಬರ್ ಸೆಕ್ಯುರಿಟಿ ಕಂಪನಿಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆಗೆ ಬಿದ್ದ ದಿನ. ನಮ್ಮ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರಲ್ವಾ, ಅವತ್ತು. 'ಅವತ್ತು ಎಲ್1 ಏನು ಮಾಡಬೇಕಿತ್ತು?' ಮೆಷಿನ್ ಬೂಟೇ ಆಗದಿದ್ದರೆ ರಿಮೋಟ್ ತಗೊಳ್ಳಲಾಗದು (ದೂರದಿಂದ ಆ ಮೆಷಿನ್ ಒಳಗೆ ಹೋಗಲಾಗದು). ಯೂಸರ್‌ಗೆ ಫೋನಿನಲ್ಲೇ ಸೇಫ್ ಮೋಡ್‌ಗೆ ದಾರಿ ಹೇಳಬೇಕು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಓದಿ ಹೇಳಬೇಕು, ಅದೂ ಅವರು ಯಾರೆಂದು ಖಚಿತ ಮಾಡಿಕೊಂಡ ಮೇಲೆ.

ಅಭ್ಯಾಸಕ್ಕೆ 18,000 ಬೇಕಾಗಿಲ್ಲ. ನಿಮ್ಮ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಉಚಿತ. ವಿಂಡೋಸ್ ಸರ್ವರ್‌ನ ಇವ್ಯಾಲ್ಯುಯೇಶನ್ ಕಾಪಿಯನ್ನು ಮೈಕ್ರೋಸಾಫ್ಟೇ 180 ದಿನಕ್ಕೆ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಆಕ್ಟಿವ್ ಡೈರೆಕ್ಟರಿ ಹಾಕಿ, ನಿಮ್ಮ ಮನೆಯವರ ಹೆಸರಿನಲ್ಲಿ ಯೂಸರ್ ಮಾಡಿ, ಬೇಕೆಂದೇ ಲಾಕ್ ಮಾಡಿ, ಅನ್‌ಲಾಕ್ ಮಾಡಿ. ಟಿಕೆಟಿಂಗ್ ಟೂಲ್ ಕಂಪನಿ ಸರ್ವೀಸ್‌ನೌ ಕೂಡ ಕಲಿಯುವವರಿಗೆ ಉಚಿತ ಡೆವಲಪರ್ ಇನ್‌ಸ್ಟನ್ಸ್ ಕೊಡುತ್ತದೆ, ಟಿಕೆಟ್ ಬರೆದು ನೋಡಬಹುದು. 'ನಾನು ಮನೆಯಲ್ಲೇ ಒಂದು ಡೊಮೈನ್ ಮಾಡಿ ನೋಡಿದೆ' ಅಂದಾಗ ಎದುರಿನವರು ಮುಂದಕ್ಕೆ ಬಾಗಿ ಕೇಳಿದರು.

ನಿಜವಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ನೀವಲ್ಲ. ಥರ್ಡ್ ಪಾರ್ಟಿ ಪೇರೋಲ್ (ಕೆಲಸ ಒಂದು ಕಂಪನಿಯಲ್ಲಿ, ಸಂಬಳ ಇನ್ನೊಂದರಿಂದ) ಅಂದರೆ ಹೆದರಬೇಡಿ, ಎಲ್1ನಲ್ಲಿ ಅದು ಮಾಮೂಲು. ಕಿಟ್, ಡೆಪಾಸಿಟ್, ಲ್ಯಾಪ್‌ಟಾಪ್ ಸೆಕ್ಯುರಿಟಿ, ಯಾವ ಹೆಸರಿನಲ್ಲಿ ಕೇಳಿದರೂ ಎದ್ದು ಬನ್ನಿ. ಒರಿಜಿನಲ್ ತೋರಿಸಿ, ಬಿಟ್ಟು ಬರಬೇಡಿ. ಇಂಟರ್‌ವ್ಯೂಗೆ ಮುಂಚೆ 'ನೀವು ಕ್ಲೈಂಟ್‌ಗೆ ಕಳಿಸಿದ ರೆಸ್ಯೂಮ್ ನನಗೂ ಮೇಲ್ ಮಾಡಿ' ಎಂದು ಬರಹದಲ್ಲೇ ಕೇಳಿ. ಏನೇ ಆಗಲಿ, ನಿಮ್ಮದೇ ಪ್ರಿಂಟ್ ತಗೊಂಡು ಹೋಗಿ, ಕೂತ ತಕ್ಷಣ ಕೊಟ್ಟುಬಿಡಿ.

ಈಗಾಗಲೇ ಸುಳ್ಳು ರೆಸ್ಯೂಮ್ ಹೋಗಿದ್ದರೆ ಕಂಪನಿಯ ಎಚ್‌ಆರ್‌ಗೆ ನೀವೇ ಮೇಲ್ ಮಾಡಿ. ನಾನು ನನ್ನ ಅಸಲಿ ರೆಸ್ಯೂಮ್, ರಶೀದಿ, ಪೊಲೀಸ್ ದೂರಿನ ಸ್ವೀಕೃತಿ ಸೇರಿಸಿ ನಾಲ್ಕು ಸಾಲು ಬರೆದೆ. ವಾರದ ನಂತರ ಉತ್ತರ ಬಂತು: ಆ ಕನ್ಸಲ್ಟೆನ್ಸಿಯನ್ನು ಪಟ್ಟಿಯಿಂದ ತೆಗೆದಿದ್ದೇವೆ, ಆರು ತಿಂಗಳ ನಂತರ ನೀವು ನಮ್ಮ ವೆಬ್‌ಸೈಟ್‌ನಲ್ಲೇ ನೇರವಾಗಿ ಅರ್ಜಿ ಹಾಕಬಹುದು ಎಂದು.